ಸೃಜನಶೀಲತೆಗೆ ಅಂಕ ಕೊಡುವಾಗ ಅಳತೆಗೆ ಸಿಗುವುದೇನು?

ಅನೇಕ ಕಂಪನಿಗಳ ವಾರ್ಷಿಕ ಮೌಲ್ಯಮಾಪನದ ನಮೂನೆಯಲ್ಲಿ ‘ಸೃಜನಶೀಲತೆ’ ಎಂಬ ಒಂದು ಸಾಲಿರುತ್ತದೆ, ಅದರ ಎದುರಿಗೆ ಮೇಲಧಿಕಾರಿಯು ಒಂದರಿಂದ ಐದರೊಳಗಿನ ಒಂದು ಅಂಕವನ್ನು ಗುರುತಿಸಬೇಕಾಗುತ್ತದೆ. ಆತ ಒಬ್ಬ ಉದ್ಯೋಗಿಗೆ ನಾಲ್ಕು ಅಂಕ ಕೊಟ್ಟರೆ ಅದು ಯಾವುದರ ಅಳತೆ ಎಂದು ಕೇಳಿ ನೋಡಿ, ಸ್ಪಷ್ಟವಾದ ಉತ್ತರ ಸಿಗುವುದು ಕಷ್ಟ. ಆಕೆಗೆ ಹೊಸದಾಗಿ ಯೋಚಿಸುವ ಸಾಮರ್ಥ್ಯವಿದೆ ಎಂದಿರಬಹುದು, ಈ ವರ್ಷ ಆಕೆ ಮಾಡಿದ ಕೆಲಸದಲ್ಲಿ ಹೊಸತನವಿತ್ತು ಎಂದಿರಬಹುದು, ಅಥವಾ ಸಭೆಗಳಲ್ಲಿ ಉತ್ಸಾಹದಿಂದ ಮಾತನಾಡುತ್ತಾಳೆ ಎಂದಷ್ಟೇ ಇರಬಹುದು. ಸಾಮರ್ಥ್ಯ, ಕೃತಿ, ನಡವಳಿಕೆ ಇವು ಮೂರೂ ಬೇರೆ ಬೇರೆ, ಒಂದಿದ್ದ ಮಾತ್ರಕ್ಕೆ ಇನ್ನೊಂದು ಇರಬೇಕೆಂದಿಲ್ಲ. ಇವುಗಳ ಜೊತೆಗೆ ನಾಲ್ಕನೆಯದೊಂದಿದೆ: ಆಲೋಚನೆಗಳು ಹುಟ್ಟಿ ಬೆಳೆಯಲು ಕೆಲಸದ ವಾತಾವರಣ ಎಷ್ಟು ಅವಕಾಶ ಕೊಡುತ್ತದೆ ಎಂಬುದು. ಉದ್ಯೋಗಿಗಳ ಸೃಜನಶೀಲತೆಯನ್ನು ಅಳೆಯಲು ಹೊರಡುವ ಸಂಸ್ಥೆಗಳು ಮೊದಲನೆಯದರ ಮೇಲೆ ಹೆಚ್ಚು ಹಣ ಖರ್ಚು ಮಾಡುತ್ತವೆ, ನಾಲ್ಕನೆಯದನ್ನು ಬಹುತೇಕ ಮರೆತುಬಿಡುತ್ತವೆ. ಏಳು ದಶಕಗಳ ಸಂಶೋಧನೆಯನ್ನು ಗಮನಿಸಿದರೆ ಆಗಬೇಕಾದದ್ದು ಇದರ ತಿರುವು ಮುರುವು ಎಂದು ನನಗೆ ಅನ್ನಿಸುತ್ತದೆ.

ಮೊದಲು ವ್ಯಾಖ್ಯೆ. ಮನೋವಿಜ್ಞಾನಿಗಳು ಬಹುಮಟ್ಟಿಗೆ ಒಪ್ಪಿಕೊಂಡಿರುವ ಪ್ರಕಾರ ಒಂದು ಆಲೋಚನೆ ಸೃಜನಶೀಲ ಎನ್ನಿಸಿಕೊಳ್ಳಬೇಕಾದರೆ ಅದು ಹೊಸದಾಗಿರಬೇಕು, ಆ ಸಂದರ್ಭಕ್ಕೆ ಉಪಯುಕ್ತವೂ ಆಗಿರಬೇಕು. ಹೊಸದಾಗಿದ್ದು ಉಪಯೋಗವಿಲ್ಲದ್ದು ವಿಚಿತ್ರ ಮಾತ್ರ, ಉಪಯುಕ್ತವಾಗಿದ್ದು ಹೊಸತಲ್ಲದ್ದು ರೂಢಿ. ಈ ಎರಡು ಷರತ್ತುಗಳು ಒಟ್ಟಿಗೇ ಬರಬೇಕಾಗಿರುವುದೇ ಅಳತೆಯ ಮೊದಲ ತೊಡಕು. ಏಕೆಂದರೆ ಹೊಸತನವನ್ನು ಅಳೆಯಲು ಇತರರ ಉತ್ತರಗಳ ಜೊತೆ ಹೋಲಿಸಿದರೆ ಸಾಕು, ಆದರೆ ಉಪಯುಕ್ತತೆಯನ್ನು ತಿಳಿಯಲು ಆ ಕೆಲಸವನ್ನು ಬಲ್ಲವರೇ ಬೇಕು.

ಕರಟದಿಂದ ಏನೇನು ಮಾಡಬಹುದು?

ಈ ಕ್ಷೇತ್ರಕ್ಕೆ ವೈಜ್ಞಾನಿಕ ಚಾಲನೆ ಸಿಕ್ಕಿದ್ದು 1950ರಲ್ಲಿ. ಅಮೆರಿಕದ ಮನೋವೈಜ್ಞಾನಿಕ ಸಂಘದ ಅಧ್ಯಕ್ಷರಾಗಿದ್ದ ಜೆ. ಪಿ. ಗಿಲ್ಫರ್ಡ್ ತಮ್ಮ ಅಧ್ಯಕ್ಷ ಭಾಷಣಕ್ಕೆ ಸೃಜನಶೀಲತೆಯನ್ನೇ ವಿಷಯವಾಗಿ ಆರಿಸಿಕೊಂಡರು. ಹಿಂದಿನ 23 ವರ್ಷಗಳ ಮನೋವಿಜ್ಞಾನ ಬರಹಗಳ ಸೂಚಿಯಲ್ಲಿದ್ದ ಸುಮಾರು 1,21,000 ಶೀರ್ಷಿಕೆಗಳ ಪೈಕಿ ಸೃಜನಶೀಲತೆಗೆ ಸಂಬಂಧಿಸಿದವು ಕೇವಲ 186 ಎಂದು ಅವರು ತೋರಿಸಿದರು. ಒಂದೇ ಸರಿಯುತ್ತರದ ಕಡೆಗೆ ಸಾಗುವ ಏಕಮುಖ ಚಿಂತನೆ ಬೇರೆ, ಒಂದು ಪ್ರಶ್ನೆಯಿಂದ ಹಲವು ದಿಕ್ಕುಗಳಿಗೆ ಹರಡಿಕೊಳ್ಳುವ ಬಹುಮುಖ ಚಿಂತನೆ ಬೇರೆ, ಆಗಿನ ಬುದ್ಧಿಮತ್ತೆ ಪರೀಕ್ಷೆಗಳು ಮೊದಲನೆಯದನ್ನಷ್ಟೇ ಅಳೆಯುತ್ತಿವೆ ಎಂಬುದು ಅವರ ವಾದದ ತಿರುಳು. ಮುಂದೆ ಇ. ಪಾಲ್ ಟೊರೆನ್ಸ್ 1966ರಲ್ಲಿ ಪ್ರಕಟಿಸಿದ ಸೃಜನಾತ್ಮಕ ಚಿಂತನೆಯ ಪರೀಕ್ಷೆಗಳು ಇದೇ ನೆಲೆಯಲ್ಲಿ ರೂಪುಗೊಂಡು ಜಗತ್ತಿನಾದ್ಯಂತ ಬಳಕೆಗೆ ಬಂದವು.

ಇಂತಹ ಪರೀಕ್ಷೆಯ ಪ್ರಶ್ನೆ ಸರಳವಾಗಿರುತ್ತದೆ. ಇಟ್ಟಿಗೆಯನ್ನೋ ಕಾಗದದ ಕ್ಲಿಪ್ಪನ್ನೋ ಹೆಸರಿಸಿ, ನಿಗದಿತ ನಿಮಿಷಗಳೊಳಗೆ ಅದಕ್ಕೆ ಎಷ್ಟು ಬಗೆಯ ಉಪಯೋಗಗಳಿವೆಯೋ ಬರೆಯಿರಿ ಎನ್ನುತ್ತಾರೆ. ನಾವು ತೆಂಗಿನ ಕರಟವನ್ನು ತೆಗೆದುಕೊಳ್ಳೋಣ. ಒಬ್ಬರು ಬಟ್ಟಲು, ಲೋಟ, ಉಪ್ಪಿನ ಡಬ್ಬಿ, ಹಕ್ಕಿಗೆ ನೀರಿಡುವ ಪಾತ್ರೆ, ಬಣ್ಣ ಕಲಸುವ ಬಟ್ಟಲು, ಚಿಲ್ಲರೆ ಹಾಕಿಡುವ ತಟ್ಟೆ, ಗಿಡದ ಕುಂಡ, ಭಿಕ್ಷಾಪಾತ್ರೆ ಎಂದು ಎಂಟು ಉತ್ತರಗಳನ್ನು ಬರೆಯುತ್ತಾರೆ. ಇನ್ನೊಬ್ಬರು ಸೌಟು, ಇದ್ದಿಲು, ಅಂಗಿಯ ಗುಂಡಿ, ಸಿಮೆಂಟಿನ ಅರ್ಧಗೋಲಕ್ಕೆ ಅಚ್ಚು, ರೇಡಿಯೊ ನಾಟಕದಲ್ಲಿ ಕುದುರೆಯ ಗೊರಸಿನ ಸದ್ದು ಎಂದು ಐದೇ ಉತ್ತರ ಕೊಡುತ್ತಾರೆ. ಉತ್ತರಗಳ ಸಂಖ್ಯೆಯನ್ನು ನಿರರ್ಗಳತೆ ಎನ್ನುತ್ತಾರೆ, ಅದರಲ್ಲಿ ಮೊದಲನೆಯವರೇ ಮುಂದು. ಆದರೆ ಅವರ ಎಂಟು ಉತ್ತರಗಳೂ ‘ಏನನ್ನಾದರೂ ತುಂಬಿಡುವುದು’ ಎಂಬ ಒಂದೇ ವರ್ಗಕ್ಕೆ ಸೇರುತ್ತವೆ, ಎರಡನೆಯವರ ಐದು ಉತ್ತರಗಳು ಐದು ವರ್ಗಗಳಿಗೆ ಸೇರುತ್ತವೆ. ಇದು ನಮ್ಯತೆಯ ಅಂಕ. ಇತರರು ವಿರಳವಾಗಿ ಕೊಡುವ ಉತ್ತರಕ್ಕೆ ಸ್ವಂತಿಕೆಯ ಅಂಕ ಸಿಗುತ್ತದೆ, ಆಲೋಚನೆಯನ್ನು ವಿವರಗಳಿಂದ ತುಂಬಿದ್ದರೆ ವಿಸ್ತರಣೆಯ ಅಂಕ. ಬಹುಮುಖ ಚಿಂತನೆಯ ಅಂಕಗಳೆಂದು ವರದಿಗಳಲ್ಲಿ ಕಾಣಿಸುವುದು ಸಾಮಾನ್ಯವಾಗಿ ಈ ನಾಲ್ಕೇ.

ತೊಡಕುಗಳು ಇಲ್ಲಿಂದಲೇ ಶುರುವಾಗುತ್ತವೆ. ಹೆಚ್ಚು ಬರೆದವರಿಗೆ ವಿರಳ ಉತ್ತರಗಳೂ ಹೆಚ್ಚು ಸಿಗುವ ಸಂಭವವಿರುವುದರಿಂದ ನಿರರ್ಗಳತೆಯ ಅಂಕವು ಸ್ವಂತಿಕೆಯ ಅಂಕದೊಳಗೆ ನುಸುಳಿಬಿಡುತ್ತದೆ. ಇದನ್ನು ತಪ್ಪಿಸಲು ಪಾಲ್ ಸಿಲ್ವಿಯಾ ಮತ್ತು ಸಂಗಡಿಗರು 2008ರಲ್ಲಿ, ಪರೀಕ್ಷೆ ಬರೆದವರೇ ತಮ್ಮ ಅತ್ಯುತ್ತಮ ಎರಡು ಉತ್ತರಗಳನ್ನು ಆರಿಸಿ ಅವುಗಳಿಗಷ್ಟೇ ಅಂಕ ಪಡೆಯುವ ಕ್ರಮವನ್ನು ಸೂಚಿಸಿದರು. ವಿರಳತೆ ಅನುಭವದಿಂದಲೂ ಬರಬಹುದು ಎಂಬುದು ಎರಡನೆಯ ತೊಡಕು. ಆಕಾಶವಾಣಿಯ ನಾಟಕ ವಿಭಾಗದಲ್ಲಿ ದುಡಿದವರಿಗೆ ಕರಟದ ಗೊರಸಿನ ಸದ್ದು ದಿನನಿತ್ಯದ ನೆನಪೇ ಹೊರತು ಹೊಸ ಕಲ್ಪನೆಯಲ್ಲ, ಆದರೂ ಅಂಕ ಕೊಡುವವರ ಪಟ್ಟಿಯಲ್ಲಿ ಅದು ವಿರಳವಾಗಿಯೇ ಕಾಣುತ್ತದೆ. ಇನ್ನು ಸೂಚನೆಯ ವಿಷಯ: ‘ಆದಷ್ಟು ಹೆಚ್ಚು ಉತ್ತರ ಬರೆಯಿರಿ’ ಎನ್ನುವುದರ ಬದಲು ‘ಸೃಜನಶೀಲವಾಗಿ ಯೋಚಿಸಿ ಬರೆಯಿರಿ’ ಎಂದು ಹೇಳಿದರೆ ಅದೇ ಜನರ ಅಂಕ ಬದಲಾಗುತ್ತದೆ ಎಂಬುದು 1970ರ ದಶಕದಿಂದಲೂ ಗೊತ್ತಿರುವ ಸಂಗತಿ. ಒಂದು ವಾಕ್ಯಕ್ಕೆ ಬದಲಾಗುವ ಅಂಕದ ಆಧಾರದ ಮೇಲೆ ಬಡ್ತಿ ನಿರ್ಧರಿಸುವುದು ನ್ಯಾಯವೇ ಎಂದು ಮಾನವ ಸಂಪನ್ಮೂಲ ವಿಭಾಗದವರು ಕೇಳಿಕೊಳ್ಳಬೇಕು.

ಹಾಗಾದರೆ ಈ ಪರೀಕ್ಷೆಗಳು ನಿಜಜೀವನದ ಸಾಧನೆಯನ್ನು ಎಷ್ಟರಮಟ್ಟಿಗೆ ಮುನ್ಸೂಚಿಸುತ್ತವೆ? ಕ್ಯುಂಗ್ ಹೀ ಕಿಮ್ 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದಾಗ, ಬಹುಮುಖ ಚಿಂತನೆಯ ಅಂಕಕ್ಕೂ ಸೃಜನಶೀಲ ಸಾಧನೆಗೂ ಇರುವ ಸಹಸಂಬಂಧ ಸುಮಾರು 0.22 ಎಂದು ಕಂಡುಬಂತು, ಬುದ್ಧಿಮತ್ತೆಯ ಅಂಕಕ್ಕೆ ಅದು ಸುಮಾರು 0.17 ಇತ್ತು. ಸಹಸಂಬಂಧ 1 ಎಂದರೆ ಪೂರ್ಣ ಹೊಂದಾಣಿಕೆ, 0 ಎಂದರೆ ಸಂಬಂಧವೇ ಇಲ್ಲ. 0.22 ಎಂದರೆ ಜನರ ಸಾಧನೆಗಳ ನಡುವಿನ ವ್ಯತ್ಯಾಸದಲ್ಲಿ ಸುಮಾರು ಶೇ 5ರಷ್ಟನ್ನು ಮಾತ್ರ ಈ ಅಂಕ ವಿವರಿಸಬಲ್ಲದು. ಸಾವಿರಾರು ಜನರ ಗುಂಪಿನ ಬಗ್ಗೆ ಮಾತನಾಡುವ ಸಂಶೋಧಕರಿಗೆ ಇದು ಅರ್ಥಪೂರ್ಣ ಸಂಖ್ಯೆ. ಎದುರು ಕುಳಿತ ಒಬ್ಬ ಅಭ್ಯರ್ಥಿಯನ್ನು ತೆಗೆದುಕೊಳ್ಳಬೇಕೇ ಬೇಡವೇ ಎಂದು ನಿರ್ಧರಿಸಬೇಕಾದವರಿಗೆ ಇದು ತೀರ ದುರ್ಬಲ ಆಧಾರ.

ಸಾರ್ನಾಫ್ ಮೆಡ್ನಿಕ್ 1962ರಲ್ಲಿ ಮಂಡಿಸಿದ ದೂರಸಂಬಂಧ ಪರೀಕ್ಷೆಯ ಬಗೆ ಬೇರೆ. ಅಲ್ಲಿ ಮೂರು ಪದಗಳನ್ನು ಕೊಟ್ಟು, ಮೂರಕ್ಕೂ ಹೊಂದಿಕೊಳ್ಳುವ ನಾಲ್ಕನೆಯ ಪದವನ್ನು ಕೇಳುತ್ತಾರೆ. ಅದಕ್ಕೆ ಒಂದೇ ಸರಿಯುತ್ತರವಿರುವುದರಿಂದ ಅಂಕ ಕೊಡುವುದು ಸುಲಭ. ಆದರೆ ಇಂಗ್ಲಿಷಿನ ನುಡಿಗಟ್ಟುಗಳ ಮೇಲೆ ನಿಂತಿರುವ ಆ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಂಜಿನಿಯರ್‌ಗೆ ಕೊಟ್ಟರೆ, ಅಳತೆಗೆ ಸಿಗುವುದು ಬಹುಪಾಲು ಆತನ ಇಂಗ್ಲಿಷ್. ಭಾರತದಲ್ಲಿ ಬಾಕರ್ ಮೆಹ್ದಿ, ಬಿ. ಕೆ. ಪಾಸ್ಸಿ ಮೊದಲಾದವರು 1970ರ ದಶಕದಲ್ಲಿ ಇಲ್ಲಿನ ಪರಿಸರಕ್ಕೆ ತಕ್ಕ ಸೃಜನಶೀಲತೆಯ ಪರೀಕ್ಷೆಗಳನ್ನು ರೂಪಿಸಿದರು, ಬಿ.ಎಡ್. ಓದಿದವರಿಗೆ ಈ ಹೆಸರುಗಳು ಪರಿಚಿತ. ಅವು ಹುಟ್ಟಿದ್ದು ಶಾಲಾ ಮಕ್ಕಳಿಗಾಗಿ. ಮಕ್ಕಳ ಮಾನಕಗಳನ್ನು ನಲವತ್ತು ದಾಟಿದ ಉತ್ಪಾದನಾ ವ್ಯವಸ್ಥಾಪಕರಿಗೆ ಅನ್ವಯಿಸಿ ವರದಿ ಬರೆಯುವುದಕ್ಕೆ ಯಾವ ಅರ್ಥವೂ ಇಲ್ಲ.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಿಕೊಳ್ಳಬೇಕು. ಬ್ರಿಟನ್ನಿನ ಮೈಕೆಲ್ ಕರ್ಟನ್ 1976ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯು ಜನರು ಎಷ್ಟು ಸೃಜನಶೀಲರು ಎಂದು ಅಳೆಯುವುದಿಲ್ಲ, ಯಾವ ಶೈಲಿಯವರು ಎಂದು ಗುರುತಿಸುತ್ತದೆ. ಇರುವ ವ್ಯವಸ್ಥೆಯನ್ನೇ ತಿದ್ದಿ ಉತ್ತಮಪಡಿಸುವವರು ಒಂದು ತುದಿಗೆ, ವ್ಯವಸ್ಥೆಯನ್ನೇ ಬದಲಿಸಬೇಕೆನ್ನುವವರು ಇನ್ನೊಂದು ತುದಿಗೆ ಬರುತ್ತಾರೆ, ಒಂದು ಮೇಲು ಇನ್ನೊಂದು ಕೀಳು ಎಂಬುದಿಲ್ಲ. ತರಬೇತಿ ಶಿಬಿರಗಳಲ್ಲಿ ಇಂತಹ ಶೈಲಿಯ ಅಂಕವನ್ನೇ ಪ್ರತಿಭೆಯ ಅಂಕವೆಂಬಂತೆ ಹಂಚಿದರೆ, ಯಂತ್ರದ ಸಣ್ಣ ದೋಷಗಳನ್ನು ಪಟ್ಟುಬಿಡದೆ ತಿದ್ದುವ ಕುಶಲಿಗನು ತಾನು ಸೃಜನಶೀಲನಲ್ಲ ಎಂದುಕೊಂಡು ಮನೆಗೆ ಹೋಗುತ್ತಾನೆ.

ಕೆಲಸವನ್ನು ನೋಡಿ ಹೇಳುವುದು

ವ್ಯಕ್ತಿಯ ಬದಲು ಕೃತಿಯನ್ನು ಅಳೆಯುವ ದಾರಿಯನ್ನು ತೆರೆದವರು ತೆರೇಸಾ ಅಮಾಬೈಲ್. 1982ರಲ್ಲಿ ಅವರು ವಿವರಿಸಿದ ‘ಸಹಮತದ ಮೌಲ್ಯಮಾಪನ’ ವಿಧಾನದ ತರ್ಕ ಹೀಗಿದೆ: ಆ ಕ್ಷೇತ್ರವನ್ನು ಚೆನ್ನಾಗಿ ಬಲ್ಲ ಹಲವರು, ಪರಸ್ಪರ ಚರ್ಚಿಸದೆ, ಸೃಜನಶೀಲತೆಯ ವ್ಯಾಖ್ಯೆಯನ್ನೂ ಮೊದಲೇ ಕೇಳಿಸಿಕೊಳ್ಳದೆ, ಒಂದೇ ಬಗೆಯ ಹಲವು ಕೃತಿಗಳನ್ನು ಒಂದರೊಡನೊಂದು ಹೋಲಿಸಿ ಅಂಕ ಕೊಡಬೇಕು. ಅವರ ಅಂಕಗಳು ಬಹುಮಟ್ಟಿಗೆ ತಾಳೆಯಾದರೆ ಆ ಸರಾಸರಿಯನ್ನು ನಂಬಬಹುದು, ತಾಳೆಯಾಗದಿದ್ದರೆ ಅಳತೆಯೇ ನಡೆದಿಲ್ಲ ಎಂದರ್ಥ. ಕವಿತಾ ಸ್ಪರ್ಧೆಯ ತೀರ್ಪುಗಾರರಿಂದ ಹಿಡಿದು ವಿನ್ಯಾಸ ಶಾಲೆಗಳವರೆಗೆ ಇದು ಬಳಕೆಯಲ್ಲಿರುವ ರೀತಿಯೇ ಅಲ್ಲವೇ ಎನ್ನಬಹುದು. ವ್ಯತ್ಯಾಸವಿರುವುದು ಶಿಸ್ತಿನಲ್ಲಿ: ತೀರ್ಪುಗಾರರು ಪ್ರತ್ಯೇಕವಾಗಿ ಕೂರಬೇಕು, ಯಾರ ಕೃತಿ ಎಂದು ಗೊತ್ತಿರಬಾರದು, ನೋಡುವ ಕ್ರಮವೂ ಒಬ್ಬೊಬ್ಬರಿಗೆ ಒಂದೊಂದಾಗಿರಬೇಕು.

ಪೀಣ್ಯದ ಒಂದು ಯಂತ್ರಾಗಾರವನ್ನು ಊಹಿಸಿಕೊಳ್ಳೋಣ. ಒಂದು ಜಾಬ್ ಮುಗಿಸಿ ಇನ್ನೊಂದಕ್ಕೆ ಯಂತ್ರವನ್ನು ಸಜ್ಜುಗೊಳಿಸುವ ಸೆಟ್ಟಿಂಗ್ ಸಮಯವನ್ನು ಕಡಿಮೆ ಮಾಡುವ ಸಲಹೆಗಳನ್ನು ಕೇಳಿದಾಗ ಇಪ್ಪತ್ತು ಸಲಹೆಗಳು ಬಂದವೆನ್ನಿ. ಹೆಸರುಗಳನ್ನು ತೆಗೆದು, ಮೂವರು ಅನುಭವಿ ಟೂಲ್‌ರೂಮ್ ತಂತ್ರಜ್ಞರಿಗೆ ಬೇರೆ ಬೇರೆಯಾಗಿ ಕೊಟ್ಟು, ಹೊಸತನಕ್ಕೆ ಒಂದು, ಉಪಯುಕ್ತತೆಗೆ ಇನ್ನೊಂದು ಅಂಕ ಹಾಕಿಸಿದರೆ ವಾರ್ಷಿಕ ನಮೂನೆಯ ಆ ‘ನಾಲ್ಕು’ ಅಂಕಕ್ಕಿಂತ ಎಷ್ಟೋ ಪಾಲು ನಂಬಲರ್ಹವಾದ ಮಾಹಿತಿ ಸಿಗುತ್ತದೆ. ಮೇಲಧಿಕಾರಿಯೊಬ್ಬರೇ ಕೊಡುವ ಅಂಕದಲ್ಲಿ, ಕೆಲಸಕ್ಕೆ ಸರಿಯಾದ ಹೊತ್ತಿಗೆ ಬರುವವರು, ಮಾತು ಬಲ್ಲವರು, ತನ್ನ ಅಭಿಪ್ರಾಯಕ್ಕೆ ಹತ್ತಿರವಿರುವವರು ಎಲ್ಲ ವಿಷಯದಲ್ಲೂ ಉತ್ತಮರೆಂದು ತೋರುವ ದೋಷ ಸೇರಿಕೊಳ್ಳದೆ ಇರುವುದು ಅಪರೂಪ. ಈ ವಿಧಾನದ ಮಿತಿಯೆಂದರೆ ಅದು ಬೇಡುವ ಸಮಯ, ಮತ್ತು ಒಂದು ಕ್ಷೇತ್ರದ ಅಂಕ ಇನ್ನೊಂದು ಕ್ಷೇತ್ರಕ್ಕೆ ಸಲ್ಲುವುದಿಲ್ಲ ಎಂಬುದು. ಯಂತ್ರದಲ್ಲಿ ಬಿಡಿಭಾಗವನ್ನು ಹಿಡಿದಿಡುವ ಫಿಕ್ಸ್ಚರ್‌ನ ವಿನ್ಯಾಸದಲ್ಲಿ ಹೊಸ ದಾರಿ ಕಾಣುವವರು ಜಾಹೀರಾತಿನ ಒಕ್ಕಣೆಯಲ್ಲೂ ಕಾಣುತ್ತಾರೆಂಬ ಖಾತ್ರಿಯಿಲ್ಲ.

ಎಣಿಕೆಯ ಆಕರ್ಷಣೆ

ಸಲಹೆಗಳನ್ನು ಎಣಿಸುವ ಪದ್ಧತಿ ಪರೀಕ್ಷೆಗಳಿಗಿಂತ ಹಳೆಯದು. ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿದ್ದ ವಿಲಿಯಂ ಡೆನಿಯವರ ಹಡಗು ಕಟ್ಟೆ 1880ರಲ್ಲೇ ಕಾರ್ಮಿಕರ ಸಲಹೆಗಳಿಗೆ ಬಹುಮಾನದ ಯೋಜನೆ ತಂದಿತ್ತು, ಅಮೆರಿಕದ ಈಸ್ಟ್‌ಮನ್ ಕೊಡ್ಯಾಕ್ 1898ರಲ್ಲಿ ಸಲಹಾ ಪದ್ಧತಿ ಆರಂಭಿಸಿತು. ಟೊಯೋಟಾ ಕಂಪನಿಯ ಎಯಿಜಿ ಟೊಯೋಡ 1950ರಲ್ಲಿ ಫೋರ್ಡ್ ಕಾರ್ಖಾನೆಯನ್ನು ನೋಡಿ ಬಂದ ಮೇಲೆ, 1951ರಲ್ಲಿ ಜಪಾನಿನಲ್ಲಿ ಜಾರಿಗೆ ಬಂದ ಸಲಹಾ ಪದ್ಧತಿಯೇ ಇವೆಲ್ಲವುಗಳಲ್ಲಿ ಹೆಚ್ಚು ಪ್ರಸಿದ್ಧ. ಬಿಡದಿ, ಪೀಣ್ಯಗಳ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಸಣ್ಣ ಸಣ್ಣ ಸುಧಾರಣೆಗಳನ್ನು ನಿರಂತರವಾಗಿ ಮಾಡುತ್ತಾ ಹೋಗುವ ‘ಕೈಜೆನ್’ ಎಂಬ ಮಾತು ಈಗ ಹೊಸದಲ್ಲ.

ಎಣಿಕೆಗೆ ಒಂದು ಅಪಾಯವಿದೆ. ಅಳತೆಯೇ ಗುರಿಯಾದಾಗ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬ ಮಾತು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ ಸಂಗತಿಯಿಂದ ಬೆಳೆದದ್ದು. ತಿಂಗಳಿಗೆ ತಲಾ ಎರಡು ಸಲಹೆ ಕೊಡಲೇಬೇಕೆಂದು ಕಡ್ಡಾಯ ಮಾಡಿದರೆ ತಿಂಗಳ ಕೊನೆಯ ವಾರದಲ್ಲಿ ‘ಇಲ್ಲೊಂದು ಸೂಚನಾ ಫಲಕ ಹಾಕಬಹುದು’ ಎಂಬ ಜಾತಿಯ ಸಲಹೆಗಳು ರಾಶಿ ಬೀಳುತ್ತವೆ. 3ಎಂ ಕಂಪನಿ ಕಳೆದ 5 ವರ್ಷಗಳಲ್ಲಿ ಮಾರುಕಟ್ಟೆಗೆ ಬಂದ ಉತ್ಪನ್ನಗಳಿಂದ ಒಟ್ಟು ಮಾರಾಟದ ಎಷ್ಟು ಪಾಲು ಬಂತು ಎಂಬ ಸೂಚ್ಯಂಕವನ್ನು ಇಟ್ಟುಕೊಂಡಿದೆ. ಇಡೀ ಸಂಸ್ಥೆಯ ಮಟ್ಟದಲ್ಲಿ ಇದು ಅರ್ಥವುಳ್ಳ ಅಳತೆ, ಆದರೆ ಹಳೆಯ ಸರಕಿಗೆ ಬಣ್ಣ ಬದಲಿಸಿ ಹೊಸದೆಂದು ತೋರಿಸುವ ದಾರಿಯನ್ನು ಯಾವ ಸೂಚ್ಯಂಕವೂ ಪೂರ್ತಿ ಮುಚ್ಚಲಾರದು. ಹಾಗೆಂದು ಎಣಿಕೆಯನ್ನೇ ಕೈಬಿಡಬೇಕಿಲ್ಲ, ಎಣಿಸುವ ವಸ್ತುವನ್ನು ಬದಲಿಸಿದರೆ ಸಾಕು. ಎಷ್ಟು ಸಲಹೆ ಬಂತು ಎಂಬುದಕ್ಕಿಂತ, ಸಲಹೆ ಕೊಟ್ಟವರಿಗೆ ಎಷ್ಟು ದಿನಗಳಲ್ಲಿ ಉತ್ತರ ಸಿಕ್ಕಿತು, ಎಷ್ಟನ್ನು ಸಣ್ಣ ಪ್ರಮಾಣದಲ್ಲಾದರೂ ಪ್ರಯೋಗಿಸಿ ನೋಡಲಾಯಿತು, ತಿರಸ್ಕರಿಸಿದವಕ್ಕೆ ಕಾರಣ ತಿಳಿಸಲಾಯಿತೇ, ಸಲಹೆಗಳು ಅದೇ ನಾಲ್ಕು ಜನರಿಂದ ಬರುತ್ತಿವೆಯೇ ಅಥವಾ ಎಲ್ಲ ಪಾಳಿಗಳಿಂದಲೂ ಬರುತ್ತಿವೆಯೇ ಎಂಬ ಪ್ರಶ್ನೆಗಳಿಗೆ ಸಿಗುವ ಸಂಖ್ಯೆಗಳನ್ನು ತಿರುಚುವುದು ಉದ್ಯೋಗಿಗೆ ಕಷ್ಟ. ಏಕೆಂದರೆ ಅವು ಆಡಳಿತದ ನಡತೆಯನ್ನು ಅಳೆಯುತ್ತವೆ.

ಇದರಿಂದ ನಾವು ವಾತಾವರಣದ ಅಳತೆಗೆ ಬರುತ್ತೇವೆ. ಅಮಾಬೈಲ್ ಮತ್ತು ಸಹೋದ್ಯೋಗಿಗಳು 1996ರಲ್ಲಿ ಪ್ರಕಟಿಸಿದ ‘ಕೀಸ್’ ಎಂಬ 78 ಅಂಶಗಳ ಪ್ರಶ್ನಾವಳಿಯು ಸಂಸ್ಥೆಯ ಪ್ರೋತ್ಸಾಹ, ಮೇಲ್ವಿಚಾರಕರ ಬೆಂಬಲ, ತಂಡದ ಸಹಕಾರ, ಕೆಲಸದ ರೀತಿಯನ್ನು ತಾವೇ ನಿರ್ಧರಿಸುವ ಸ್ವಾತಂತ್ರ್ಯ, ಸಾಕಷ್ಟು ಸಂಪನ್ಮೂಲ, ಸವಾಲಿನ ಕೆಲಸ ಇವುಗಳನ್ನು ಒಂದು ಕಡೆಗೂ, ಕೆಲಸದ ಒತ್ತಡ ಮತ್ತು ಸಂಸ್ಥೆಯೊಳಗಿನ ಅಡ್ಡಿಗಳನ್ನು ಇನ್ನೊಂದು ಕಡೆಗೂ ಇಟ್ಟು ಉದ್ಯೋಗಿಗಳಿಂದಲೇ ಉತ್ತರ ಪಡೆಯುತ್ತದೆ. ಸ್ವೀಡನ್ನಿನ ಗೊರಾನ್ ಎಕ್ವಾಲ್ ಅವರ ಪ್ರಶ್ನಾವಳಿಯಲ್ಲಿ ಹತ್ತು ಆಯಾಮಗಳಿವೆ. ಅವುಗಳಲ್ಲಿ ‘ಆಲೋಚನೆಗೆ ಸಮಯ’ ಎಂಬುದೂ ಒಂದು, ನಗು ಮತ್ತು ಲವಲವಿಕೆಯೂ ಒಂದು. ಏಮಿ ಎಡ್ಮಂಡ್‌ಸನ್ 1999ರಲ್ಲಿ ಕೊಟ್ಟ ಏಳು ವಾಕ್ಯಗಳ ಚಿಕ್ಕ ಅಳತೆಗೋಲು, ತಂಡದಲ್ಲಿ ತಪ್ಪು ಮಾಡಿದರೆ ಅದನ್ನು ನಿಮ್ಮ ವಿರುದ್ಧ ಬಳಸುತ್ತಾರೆಯೇ, ಕಷ್ಟದ ವಿಷಯಗಳನ್ನು ಎತ್ತಿ ಮಾತನಾಡಬಹುದೇ ಎಂಬಂತಹ ಪ್ರಶ್ನೆಗಳಿಂದ ಮಾನಸಿಕ ಸುರಕ್ಷತೆಯನ್ನು ಅಂದಾಜು ಮಾಡುತ್ತದೆ. ಇಂತಹ ಸಮೀಕ್ಷೆಗಳ ಫಲಿತಾಂಶ ಯಾವ ಒಬ್ಬ ಉದ್ಯೋಗಿಯ ಮೇಲೂ ಬೀಳುವುದಿಲ್ಲ, ಎಲ್ಲಿ ಸರಿಪಡಿಸಬೇಕು ಎಂಬುದನ್ನು ಮಾತ್ರ ತೋರಿಸುತ್ತದೆ. ಒಂದೇ ಕಂಪನಿಯ ಎರಡು ತಂಡಗಳಲ್ಲಿ ಸ್ವಾತಂತ್ರ್ಯದ ಅಂಕ ಬಹಳ ಬೇರೆಯಾಗಿದ್ದರೆ, ಸಮಸ್ಯೆ ಇರುವುದು ಉದ್ಯೋಗಿಗಳ ಮಿದುಳಿನಲ್ಲಲ್ಲ, ತಂಡ ನಡೆಸುವ ರೀತಿಯಲ್ಲಿ ಎಂದು ಗೊತ್ತಾಗುತ್ತದೆ. ಉತ್ತರಿಸಿದವರ ಗುರುತು ಸಿಗುವಂತಿದ್ದರೆ ಮಾತ್ರ ಈ ಲಾಭವೆಲ್ಲ ಹೋಗಿಬಿಡುತ್ತದೆ. ಮೂರು ಜನರ ತಂಡದ ಫಲಿತಾಂಶವನ್ನು ಪ್ರತ್ಯೇಕವಾಗಿ ಪ್ರಕಟಿಸುವುದೆಂದರೆ ಹೆಸರು ಹಾಕಿ ಪ್ರಕಟಿಸಿದಂತೆಯೇ.

ಹೆಚ್ಚಿಸುವ ದಾರಿಗಳು

ತರಬೇತಿಯಿಂದ ಸೃಜನಾತ್ಮಕ ಚಿಂತನೆ ಹೆಚ್ಚುತ್ತದೆಯೇ? ಹೆಚ್ಚುತ್ತದೆ ಎಂಬುದು ಜಿನಾಮರಿ ಸ್ಕಾಟ್, ಲೈಲ್ ಲೆರಿಟ್ಜ್ ಮತ್ತು ಮೈಕೆಲ್ ಮಮ್‌ಫರ್ಡ್ 2004ರಲ್ಲಿ 70 ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಂಡ ಉತ್ತರ. ಆದರೆ ಎಲ್ಲ ತರಬೇತಿಯೂ ಒಂದೇ ಅಲ್ಲ. ಸಮಸ್ಯೆಯನ್ನು ಗುರುತಿಸುವುದು, ಮಾಹಿತಿಯನ್ನು ಬೇರೆ ರೀತಿಯಲ್ಲಿ ಜೋಡಿಸುವುದು, ಆಲೋಚನೆಗಳನ್ನು ತೂಗಿ ನೋಡುವುದು ಮುಂತಾದ ಚಿಂತನಾ ಕೌಶಲಗಳನ್ನು, ಕಲಿಯುವವರ ಕೆಲಸಕ್ಕೆ ಹತ್ತಿರವಾದ ನೈಜ ಅಭ್ಯಾಸಗಳ ಮೂಲಕ ಕಲಿಸಿದ ಕಾರ್ಯಕ್ರಮಗಳೇ ಹೆಚ್ಚು ಫಲ ಕೊಟ್ಟಿದ್ದವು. ರೆಸಾರ್ಟಿನಲ್ಲಿ ಒಂದು ದಿನ ಬಣ್ಣ ಬಳಿಸಿ, ಹಗ್ಗ ಜಗ್ಗಿಸಿ ಕಳಿಸುವ ಶಿಬಿರಗಳಿಂದ ಬೇರೆ ಲಾಭಗಳಿರಬಹುದು, ಅದು ಈ ಪಟ್ಟಿಗೆ ಸೇರುವುದಿಲ್ಲ. ಇನ್ನೊಂದು ಎಚ್ಚರಿಕೆಯೂ ಬೇಕು. ತರಬೇತಿ ಮುಗಿದ ಕೂಡಲೇ, ತರಬೇತಿಯಲ್ಲಿ ಅಭ್ಯಾಸ ಮಾಡಿಸಿದ ಬಗೆಯ ಪ್ರಶ್ನೆಗಳನ್ನೇ ಕೊಟ್ಟು ಅಂಕ ಏರಿದೆಯೆಂದು ತೋರಿಸಿದರೆ ಅದು ಅಭ್ಯಾಸದ ಫಲ ಮಾತ್ರವಾಗಿರಬಹುದು. ಕೆಲವು ತಿಂಗಳ ನಂತರ, ಕೆಲಸದಲ್ಲೇ ಹುಟ್ಟಿದ ಕೃತಿಗಳನ್ನು ಹೆಸರು ತೆಗೆದು ತೀರ್ಪುಗಾರರ ಮುಂದಿಟ್ಟಾಗ ವ್ಯತ್ಯಾಸ ಕಂಡರೆ ಆಗ ನಂಬಬಹುದು.

ಗುಂಪಾಗಿ ಕುಳಿತು ಆಲೋಚನೆಗಳನ್ನು ಹರಿಯಬಿಡುವ ಬ್ರೈನ್‌ಸ್ಟಾರ್ಮಿಂಗ್ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಜಾಹೀರಾತು ಸಂಸ್ಥೆಯೊಂದರ ಪಾಲುದಾರರಾಗಿದ್ದ ಅಲೆಕ್ಸ್ ಆಸ್ಬಾರ್ನ್. ಟೀಕಿಸಬೇಡಿ, ಸಂಖ್ಯೆ ಹೆಚ್ಚಿಸಿ, ವಿಚಿತ್ರವಾದದ್ದನ್ನೂ ಹೇಳಿ, ಇತರರ ಆಲೋಚನೆಯ ಮೇಲೆ ಕಟ್ಟಿ ಎಂಬ ನಿಯಮಗಳು ಕೇಳಲು ಸೊಗಸಾಗಿವೆ. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ನಾಲ್ವರ ಗುಂಪನ್ನು, ಬೇರೆ ಬೇರೆ ಕೋಣೆಗಳಲ್ಲಿ ಒಂಟಿಯಾಗಿ ಕೆಲಸ ಮಾಡಿದ ನಾಲ್ವರ ಒಟ್ಟು ಫಲದ ಜೊತೆ ಹೋಲಿಸಿದಾಗ ಒಂಟಿಯಾಗಿದ್ದವರೇ ಹೆಚ್ಚು ಆಲೋಚನೆಗಳನ್ನು ಕೊಟ್ಟಿದ್ದರು. ಕಾರಣವನ್ನು ಬಿಡಿಸಿದವರು ಮೈಕೆಲ್ ಡೀಲ್ ಮತ್ತು ವೋಲ್ಫ್‌ಗಾಂಗ್ ಸ್ಟ್ರೋಬೆ. 1987ರ ಅವರ ಪ್ರಯೋಗಗಳ ಪ್ರಕಾರ ಮುಖ್ಯ ಅಡ್ಡಿ ಸೋಮಾರಿತನವೂ ಅಲ್ಲ, ಸಂಕೋಚವೂ ಅಷ್ಟಲ್ಲ, ಸರದಿಗಾಗಿ ಕಾಯುವುದು. ಒಬ್ಬರು ಮಾತನಾಡುತ್ತಿರುವಾಗ ಉಳಿದವರು ತಮ್ಮ ಆಲೋಚನೆಯನ್ನು ನೆನಪಿನಲ್ಲಿ ಹಿಡಿದಿಟ್ಟುಕೊಂಡು ಕೂರಬೇಕಾಗುತ್ತದೆ, ಅಷ್ಟರಲ್ಲಿ ಹೊಸದು ಹುಟ್ಟುವುದಿಲ್ಲ, ಹಿಡಿದದ್ದೂ ಮರೆಯುತ್ತದೆ. ಹಿರಿಯರೆದುರು ಕಿರಿಯರು ಬಾಯಿ ತೆರೆಯಲು ಹಿಂಜರಿಯುವ ನಮ್ಮ ಕಚೇರಿಗಳಲ್ಲಿ ಸಂಕೋಚದ ಪಾಲು ಇನ್ನಷ್ಟು ಸೇರಿಕೊಳ್ಳುತ್ತದೆ ಎಂದು ನಾನು ಊಹಿಸುತ್ತೇನೆ.

ಇದಕ್ಕೆ ಪರಿಹಾರ ಅಗ್ಗದ್ದು. ಜರ್ಮನಿಯ ಬರ್ನ್ಡ್ ರೋರ್‌ಬಾಖ್ 1968ರಲ್ಲಿ ಸೂಚಿಸಿದ 6-3-5 ಕ್ರಮದಲ್ಲಿ ಆರು ಜನ ಸುತ್ತ ಕುಳಿತು, ಪ್ರತಿಯೊಬ್ಬರೂ ಐದು ನಿಮಿಷಗಳಲ್ಲಿ ಮೂರು ಆಲೋಚನೆಗಳನ್ನು ಹಾಳೆಯ ಮೇಲೆ ಬರೆದು ಪಕ್ಕದವರಿಗೆ ದಾಟಿಸುತ್ತಾರೆ. ಅವರು ಅದನ್ನು ಓದಿ ತಮ್ಮ ಮೂರನ್ನು ಸೇರಿಸುತ್ತಾರೆ. ಅರ್ಧ ಗಂಟೆಯಲ್ಲಿ ಆರೂ ಹಾಳೆಗಳು ಸುತ್ತು ಮುಗಿಸುವಷ್ಟರಲ್ಲಿ ಒಟ್ಟು 108 ನಮೂದುಗಳಾಗಿರುತ್ತವೆ. ಯಾರೂ ಕಾಯುವುದಿಲ್ಲ, ಯಾರ ಧ್ವನಿಯೂ ಮೇಲಾಗುವುದಿಲ್ಲ, ಆದರೂ ಇತರರ ಆಲೋಚನೆ ಕಣ್ಣಿಗೆ ಬೀಳುತ್ತದೆ.

ಆದರೆ ಹುಟ್ಟಿಸುವುದಕ್ಕಿಂತ ಆರಿಸುವುದು ಕಷ್ಟ, ಸಂಸ್ಥೆಗಳು ಅತ್ಯಂತ ಕಡಿಮೆ ಗಮನ ಕೊಡುವುದೂ ಅಲ್ಲಿಯೇ. ಎರಿಕ್ ರೀಟ್‌ಷೆಲ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದಂತೆ, ಹೆಚ್ಚು ಆಲೋಚನೆಗಳನ್ನು ಹುಟ್ಟಿಸಿದವರು ಕೊನೆಗೆ ಆರಿಸಿಕೊಂಡ ಆಲೋಚನೆಗಳು ಇತರರು ಆರಿಸಿದವುಗಳಿಗಿಂತ ಉತ್ತಮವಾಗಿರಲಿಲ್ಲ. ಜನ ಸುಲಭವಾಗಿ ಜಾರಿಗೆ ತರಬಹುದಾದದ್ದರ ಕಡೆಗೆ ವಾಲಿ ಹೊಸದನ್ನು ಕೈಬಿಡುತ್ತಾರೆ. ಜೆನಿಫರ್ ಮ್ಯೂಲರ್ ಮತ್ತು ಇತರರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅನಿಶ್ಚಿತತೆ ಕಾಡುತ್ತಿರುವಾಗ ಜನರು ಸೃಜನಶೀಲತೆ ಬೇಕೆಂದು ಬಾಯಲ್ಲಿ ಹೇಳುತ್ತಲೇ ಒಳಗೊಳಗೆ ಅದರ ವಿರುದ್ಧ ಒಲವು ತೋರಿದರು. ಜಸ್ಟಿನ್ ಬರ್ಗ್ 2016ರಲ್ಲಿ ಸರ್ಕಸ್ ಕಲೆಗಳ ಕ್ಷೇತ್ರವನ್ನು ಅಧ್ಯಯನ ಮಾಡಿ, ಹೊಸ ಪ್ರದರ್ಶನಗಳು ಪ್ರೇಕ್ಷಕರಲ್ಲಿ ಎಷ್ಟು ಯಶಸ್ವಿಯಾಗುತ್ತವೆ ಎಂದು ಊಹಿಸುವುದರಲ್ಲಿ ವ್ಯವಸ್ಥಾಪಕರಿಗಿಂತ, ತಾವೂ ಪ್ರದರ್ಶನಗಳನ್ನು ರೂಪಿಸುವ ಇತರ ಕಲಾವಿದರೇ ಹೆಚ್ಚು ನಿಖರರು ಎಂದು ಕಂಡುಕೊಂಡರು. ಆದ್ದರಿಂದ ಸಲಹೆಗಳನ್ನು ಆರಿಸುವ ಸಮಿತಿಯಲ್ಲಿ ಆ ಕೆಲಸವನ್ನೇ ಮಾಡುವ, ಆದರೆ ಆ ಸಲಹೆಯನ್ನು ಕೊಡದ ಕೆಲವರನ್ನು ಸೇರಿಸುವುದರಿಂದ ತೀರ್ಪಿನ ಗುಣಮಟ್ಟ ಹೆಚ್ಚಬಹುದು. ಹೊಸತನದ ಅಂಕವನ್ನು ಮೊದಲು ಹಾಕಿ ಮುಗಿಸಿ, ವೆಚ್ಚ ಮತ್ತು ಸಾಧ್ಯತೆಗಳ ಚರ್ಚೆಯನ್ನು ಎರಡನೆಯ ಸುತ್ತಿಗೆ ಬಿಡುವುದೂ ಇದೇ ಕಾರಣಕ್ಕೆ ಒಳ್ಳೆಯದು.

ಬಹುಮಾನದ ವಿಷಯದಲ್ಲಿ ಸಾಕ್ಷ್ಯ ಎರಡು ಕಡೆಗೂ ಇದೆ. ಕಾರ್ಲ್ ಡಂಕರ್ ರೂಪಿಸಿದ ಮೇಣದಬತ್ತಿಯ ಸಮಸ್ಯೆಯಲ್ಲಿ ಒಂದು ಬತ್ತಿ, ಬೆಂಕಿಕಡ್ಡಿಗಳು, ಒಂದು ಪೆಟ್ಟಿಗೆ ತುಂಬ ಸಣ್ಣ ಮೊಳೆಗಳನ್ನು ಕೊಟ್ಟು, ಮೇಣ ಮೇಜಿನ ಮೇಲೆ ತೊಟ್ಟಿಕ್ಕದಂತೆ ಬತ್ತಿಯನ್ನು ಗೋಡೆಗೆ ನಿಲ್ಲಿಸಲು ಹೇಳುತ್ತಾರೆ. ಮೊಳೆಗಳನ್ನು ಸುರಿದು ಖಾಲಿ ಪೆಟ್ಟಿಗೆಯನ್ನೇ ಗೋಡೆಗೆ ಹೊಡೆದು ಅದರ ಮೇಲೆ ಬತ್ತಿ ನಿಲ್ಲಿಸುವುದು ಪರಿಹಾರ. 1962ರಲ್ಲಿ ಸ್ಯಾಮ್ ಗ್ಲಕ್ಸ್‌ಬರ್ಗ್ ಬೇಗ ಬಿಡಿಸಿದವರಿಗೆ ಹಣ ಕೊಡುವುದಾಗಿ ಹೇಳಿದಾಗ, ಹಣದ ಆಸೆಯಿದ್ದವರು ಆಸೆಯಿಲ್ಲದವರಿಗಿಂತ ಮೂರು ನಿಮಿಷಕ್ಕೂ ಹೆಚ್ಚು ಸಮಯ ತೆಗೆದುಕೊಂಡರು. ಮೊಳೆಗಳನ್ನು ಮೊದಲೇ ಪೆಟ್ಟಿಗೆಯಿಂದ ಹೊರಗಿಟ್ಟು ಸಮಸ್ಯೆಯನ್ನು ಸುಲಭಗೊಳಿಸಿದಾಗ ಹಣದ ಗುಂಪೇ ಮುಂದಾಯಿತು. ಇದನ್ನಷ್ಟೇ ಹಿಡಿದು ಬಹುಮಾನ ಕೆಟ್ಟದ್ದೆಂದು ಭಾಷಣ ಮಾಡುವವರು ಮುಂದಿನ ಸಂಶೋಧನೆಯನ್ನು ಬಿಟ್ಟುಬಿಡುತ್ತಾರೆ: ಕೆಲಸ ಮುಗಿಸಿದ್ದಕ್ಕಲ್ಲದೆ ಹೊಸತನಕ್ಕೇ ಬಹುಮಾನ ಎಂದು ಸ್ಪಷ್ಟವಾಗಿ ತಿಳಿಸಿದರೆ ಫಲ ಒಳ್ಳೆಯದಾಗುತ್ತದೆ ಎಂದು ಕ್ರಿಸ್ ಬೈರನ್ ಮತ್ತು ಶಾಲಿನಿ ಖಜಾಂಚಿ 2012ರಲ್ಲಿ ನಡೆಸಿದ ಒಟ್ಟು ವಿಶ್ಲೇಷಣೆ ತೋರಿಸಿದೆ. ಟಾಟಾ ಸಮೂಹವು ತನ್ನ ‘ಇನ್ನೊವಿಸ್ಟಾ’ ಸ್ಪರ್ಧೆಯಲ್ಲಿ, ಗಂಭೀರವಾಗಿ ಪ್ರಯತ್ನಿಸಿ ಫಲ ಕಾಣದ ಯೋಜನೆಗಳಿಗೂ ‘ಡೇರ್ ಟು ಟ್ರೈ’ ಎಂಬ ವಿಭಾಗವನ್ನು ಇಟ್ಟದ್ದು ಇನ್ನೂ ಒಂದು ಹೆಜ್ಜೆ ಮುಂದಿನ ಕ್ರಮ.

ಗಡುವು ಹತ್ತಿರವಾದರೆ ತಲೆ ಚುರುಕಾಗುತ್ತದೆ ಎಂಬ ನಂಬಿಕೆಯನ್ನು ಅಮಾಬೈಲ್ ತಂಡದ ದಿನಚರಿ ಅಧ್ಯಯನ ಅಲುಗಿಸಿತು. ಏಳು ಕಂಪನಿಗಳ 26 ತಂಡಗಳ 238 ಜನ ಪ್ರತಿದಿನ ಕಳುಹಿಸಿದ ಸುಮಾರು 12,000 ಟಿಪ್ಪಣಿಗಳನ್ನು ಅದು ಆಧರಿಸಿತ್ತು. ತೀವ್ರ ಒತ್ತಡದ ದಿನಗಳಲ್ಲಿ ಜನರಿಗೆ ತಾವು ಹೆಚ್ಚು ಸೃಜನಶೀಲರಾಗಿದ್ದೇವೆ ಎಂದು ಅನ್ನಿಸಿದರೂ ಟಿಪ್ಪಣಿಗಳಲ್ಲಿ ಕಂಡ ಸೃಜನಾತ್ಮಕ ಚಿಂತನೆ ಕಡಿಮೆಯಾಗಿತ್ತು, ಅದರ ಪರಿಣಾಮ ಮುಂದಿನ ಒಂದೆರಡು ದಿನಗಳಿಗೂ ಹಬ್ಬಿತ್ತು. ಜನರ ಹುರುಪನ್ನು ಹೆಚ್ಚಿಸಿದ್ದು ಭಾಷಣಗಳಲ್ಲ, ಅರ್ಥವಿದೆ ಎನ್ನಿಸಿದ ಕೆಲಸದಲ್ಲಿ ಆ ದಿನ ಸ್ವಲ್ಪವಾದರೂ ಮುಂದೆ ಸಾಗಿದ್ದೇವೆ ಎಂಬ ಅನುಭವ.

ಈಚೆಗೆ ಅಳತೆಯ ಪ್ರಶ್ನೆಗೆ ಕೃತಕ ಬುದ್ಧಿಮತ್ತೆ ಹೊಸ ತಿರುವು ಕೊಟ್ಟಿದೆ. ಅನಿಲ್ ದೋಶಿ ಮತ್ತು ಆಲಿವರ್ ಹೌಸರ್ 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಯಂತ್ರ ಕೊಟ್ಟ ಆಲೋಚನೆಗಳ ನೆರವು ಪಡೆದು ಬರೆದ ಚಿಕ್ಕ ಕಥೆಗಳಿಗೆ ಓದುಗರು ಹೆಚ್ಚಿನ ಸೃಜನಶೀಲತೆಯ ಅಂಕ ಕೊಟ್ಟರು, ಆದರೆ ಆ ಕಥೆಗಳು ಒಂದಕ್ಕೊಂದು ಹೆಚ್ಚು ಹೋಲುತ್ತಿದ್ದವು. ಅಂದರೆ ಪ್ರತಿಯೊಬ್ಬ ಉದ್ಯೋಗಿಯ ಅಂಕ ಏರುತ್ತಿರುವಾಗಲೇ ಇಡೀ ತಂಡದ ಆಲೋಚನೆಗಳ ವೈವಿಧ್ಯ ಕುಗ್ಗುತ್ತಿರಬಹುದು, ಒಬ್ಬೊಬ್ಬರನ್ನೇ ಅಳೆಯುವ ಯಾವ ನಮೂನೆಯಲ್ಲೂ ಅದು ಕಾಣಿಸದು. ಆದ್ದರಿಂದ ಈಗ ತಂಡದ ಮಟ್ಟದಲ್ಲಿ ನಮ್ಯತೆಯನ್ನು ಅಳೆಯುವ ಅಗತ್ಯ ಹೆಚ್ಚಿದೆ: ಬಂದ ನಲವತ್ತು ಸಲಹೆಗಳು ಎಷ್ಟು ಬೇರೆ ಬೇರೆ ವರ್ಗಗಳಿಗೆ ಸೇರುತ್ತವೆ ಎಂದು ಎಣಿಸಿ, ಕಳೆದ ವರ್ಷದ ಸಂಖ್ಯೆಯೊಡನೆ ಹೋಲಿಸುವುದು ಯಾವ ಕಂಪನಿಗೂ ಅಸಾಧ್ಯವಲ್ಲ. ಕೆಲಸದ ಕ್ರಮದಲ್ಲಿಯೂ ಒಂದು ಬದಲಾವಣೆ ಬೇಕಾಗುತ್ತದೆ. ಮೊದಲು ಪ್ರತಿಯೊಬ್ಬರೂ ತಮ್ಮ ಆಲೋಚನೆಗಳನ್ನು ಹಾಳೆಯ ಮೇಲೆ ಬರೆದು ಮುಗಿಸಬೇಕು, ಯಂತ್ರವನ್ನು ಕೇಳುವುದು ಆಮೇಲೆ. ಯಂತ್ರದ ಪಟ್ಟಿ ಮೊದಲೇ ಕಣ್ಣಮುಂದೆ ಬಂದರೆ ಆರು ಜನರ ಹಾಳೆಯೂ ಆ ಪಟ್ಟಿಯ ಸುತ್ತಲೇ ತಿರುಗುತ್ತದೆ.